ಸದ್ದಾದರೆ ಹಸಿರು, ಸುಮ್ಮನಿದ್ದರೆ ಕೆಂಪು

ಗದಗದಿಂದ ಹೊಸಪೇಟೆಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಹೊರಡುವ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರುವುದು ನನ್ನ ಪದ್ಧತಿ. ರೈಲಿಗೆ ಅಂಥ ಪದ್ಧತಿ ಇಲ್ಲ. ದೀಪಾವಳಿ ಮುಗಿದಿತ್ತು. ಬೆಳಗಿನ ಚಳಿ ಕೊಪ್ಪಳದವರೆಗೆ ಜೊತೆಗಿತ್ತು. ಮುನಿರಾಬಾದ್ ಬಿಟ್ಟು ತುಂಗಭದ್ರೆಯ ಸೇತುವೆ ದಾಟುವಾಗ ಬಿಸಿಲು ಚುರುಗುಟ್ಟತೊಡಗಿತು. ಅಣೆಕಟ್ಟು ಕಂಡ ಕೂಡಲೇ ಎದುರಿನ ಸೀಟಿನವರೆಲ್ಲ ಎದ್ದು ಮೊಬೈಲು ಹಿಡಿದರು. ನಾನು ಚೀಲ ಇಳಿಸಿಕೊಂಡು ಬಾಗಿಲ ಬಳಿ ನಿಂತೆ.

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕಲಿಕೆಯ ಸಿದ್ಧಾಂತಗಳನ್ನು ಪಾಠ ಮಾಡಿ ನಿವೃತ್ತನಾದವನು ನಾನು. ಸರ್ಕಾರಿ ಶಾಲೆಗಳಿಗೆ ನೆರವು ಕೊಡುವ ಒಂದು ಸಂಸ್ಥೆ ನನ್ನನ್ನು ಕರೆದಿತ್ತು. ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಒಂದೊಂದು ತರಗತಿ ನೋಡಬೇಕು, ಸೋಮವಾರ ಹೊಸಪೇಟೆಯ ಸಭೆಯಲ್ಲಿ ಅಭಿಪ್ರಾಯ ಹೇಳಬೇಕು. ಇಷ್ಟೇ ಕೆಲಸ.

ನಿಲ್ದಾಣಕ್ಕೆ ಬಂದಿದ್ದವರು ಸಂಸ್ಥೆಯ ಸಂಯೋಜಕ ಪ್ರಶಾಂತ್. ನಲವತ್ತರ ಹತ್ತಿರದ ವಯಸ್ಸು, ಬೆಂಗಳೂರಿನ ಕಡೆಯ ಮಾತು, ಹೆಗಲಿಗೆ ಲ್ಯಾಪ್‌ಟಾಪ್. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದರು. ಮಿರ್ಚಿ ಬಿಸಿಯಾಗಿತ್ತು, ಒಳ್ಳೆಯ ಖಾರ. ತಿನ್ನುತ್ತಲೇ ಅವರು ಯೋಜನೆಯನ್ನು ವಿವರಿಸಿದರು.

ತರಗತಿಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ. ಅದರೊಳಗೆ ಮೈಕು. ಅದು ದಿನವಿಡೀ ಕೇಳಿಸಿಕೊಳ್ಳುತ್ತದೆ. ಸಂಜೆ ಕಂಪ್ಯೂಟರು ಶಿಕ್ಷಕರ ದನಿ ಎಷ್ಟು, ಮಕ್ಕಳ ದನಿ ಎಷ್ಟು, ಮೌನ ಎಷ್ಟು ಎಂದು ಬೇರ್ಪಡಿಸಿ ಒಂದು ಗೆರೆ ಎಳೆಯುತ್ತದೆ. ಮಕ್ಕಳ ದನಿ ಹೆಚ್ಚಿದ್ದರೆ ಗೆರೆ ಹಸಿರು, ಶಿಕ್ಷಕರದು ಹೆಚ್ಚಿದ್ದರೆ ಹಳದಿ, ಯಾರದೂ ಇಲ್ಲದಿದ್ದರೆ ಕೆಂಪು. ಮರುದಿನ ಯಾವ ವಿಧಾನದಲ್ಲಿ ಪಾಠ ಮಾಡಬೇಕೆಂಬ ಸೂಚನೆ ಬೆಳಿಗ್ಗೆ ಶಿಕ್ಷಕರ ಮೊಬೈಲಿಗೆ ಬರುತ್ತದೆ.

"ಮಗು ತನ್ನ ಜ್ಞಾನವನ್ನ ಮಾತಾಡ್ತಾ, ಬೆರೀತಾ ತಾನೇ ಕಟ್ಕೊಳ್ಳುತ್ತೆ. ರಚನಾವಾದ ಸರ್. ನೀವೇ ಪಾಠ ಮಾಡಿರೋದು" ಎಂದರು ಪ್ರಶಾಂತ್.

"ನಾನು ಮಾಡಿದ ಪಾಠದಲ್ಲಿ ಮಗು ಯೋಚಿಸುತ್ತದೆ ಎಂದೂ ಇತ್ತು."

"ಅದೂ ಬರುತ್ತೆ ಸರ್. ಯೋಚನೆ ಮಾಡಿದ ಮೇಲೆ ಮಾತಾಡೇ ಆಡ್ತಾರಲ್ಲ."

ಆಮೇಲೆ ನಿಜವಾದ ವಿಷಯ ಹೊರಬಂತು. ಕಂಪ್ಲಿಯ ಶಾಲೆಯ ಐದನೇ ತರಗತಿಗೆ ಸರ್ಕಾರದ ಶಿಕ್ಷಕರಿಲ್ಲ. ಅಲ್ಲಿ ಹುಲಿಗೆಮ್ಮ ಎಂಬ ಶಿಕ್ಷಕಿಯನ್ನು ಸಂಸ್ಥೆಯೇ ನೇಮಿಸಿಕೊಂಡಿದೆ. ಅವರ ಗೆರೆ ಜೂನ್‌ನಿಂದ ಕೆಂಪು. ಸೋಮವಾರದ ಸಭೆಯ ಹೊತ್ತಿಗೂ ಕೆಂಪಾಗಿಯೇ ಇದ್ದರೆ ಅವರನ್ನು ಬಿಡಿಸಿ, ಆ ಮಕ್ಕಳನ್ನು ನಾಲ್ಕನೇ ತರಗತಿಯ ಜೊತೆ ಕೂರಿಸುತ್ತಾರೆ.

"ಅವರನ್ನು ತೆಗೆಯಲು ನನ್ನ ಸಹಿ ಬೇಕೇನು?" ಎಂದು ಕೇಳಿದೆ.

ಪ್ರಶಾಂತ್ ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಇಟ್ಟು, "ಅಭಿಪ್ರಾಯ ಸಾಕು ಸರ್" ಎಂದರು.

ಆ ಮಧ್ಯಾಹ್ನವೇ ಹಂಪಿಯ ಕಡೆ ಹೋದೆವು. ಹದಿಮೂರು ಕಿಲೋಮೀಟರು, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ ಹರಿದು ಹರಿದು ಕಂಡಕ್ಟರನ ಹೆಬ್ಬೆರಳು ಸೋತಿತ್ತು. ಕಮಲಾಪುರದಲ್ಲಿ ಅರ್ಧ ಬಸ್ಸು ಇಳಿಯಿತು. ಗುಡಿಗಳ ದಾರಿ ಹಿಡಿಯದೆ ನಾವು ಬಾಳೆತೋಟದ ಪಕ್ಕದ ಶಾಲೆಗೆ ನಡೆದೆವು.

ತರಗತಿಯ ಬಾಗಿಲಲ್ಲಿ ನಿಂತು ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಶಿಕ್ಷಕ ಶೇಖರಪ್ಪ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಶೇಖರಪ್ಪ ಅವಳ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದರು. ಹುಡುಗಿ ತರಗತಿಯ ಕಡೆ ತಿರುಗಿ, "ನೀರು ಕಾದ ಮ್ಯಾಲ ಆವಿ ಆಗ್ತದ!" ಎಂದು ಕಿರುಚಿದಳು. ತರಗತಿಯೆಲ್ಲ "ಆವಿ ಆಗ್ತದ!" ಎಂದಿತು. ಶೇಖರಪ್ಪ ಮತ್ತೆ ಬಾಗಿದರು.

ಮಕ್ಕಳನ್ನು ಹೊರಗೆ ಬಿಟ್ಟ ಮೇಲೆ ಕೇಳಿದೆ: "ಇದೇನು ಶೇಖರಪ್ಪನವರೇ?"

"ನಾನು ಬಾಯಿ ತಗದ್ರ ಗೆರಿ ಹಳದಿ ಆಗ್ತದ್ರಿ ಸರ್. ಅದಕ್ಕ ಪಾಠ ನಂದು, ಬಾಯಿ ಆಕೀದು." ಅವರು ಸ್ವಲ್ಪವೂ ನಾಚಿಕೊಳ್ಳಲಿಲ್ಲ. "ಮೊದಲು ಒಬ್ಬ ಹುಡುಗನ್ನ ಇಟ್ಟಿದ್ದೆ. ಅವನ ದನಿ ಒಡದುಬಿಡ್ತು. ಪೆಟ್ಟಿಗಿ ಅವನ್ನೂ ಮಾಸ್ತರ ಅಂತ ಎಣಿಸ್ತು."

ನಗು ಬಂತು, ನಕ್ಕೆ. ಪ್ರಶಾಂತ್ ನಗಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವರು ಹೇಳಿದರು: "ಈ ಥರ ಒಂದೆರಡು ಇರುತ್ತೆ ಸರ್. ಸಂಡೂರು ನೋಡಿ. ಅದು ನಮ್ಮ ಮಾದರಿ ತರಗತಿ."

ಮರುದಿನ ಗುರುವಾರ, ಸಂಡೂರು. ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿನಷ್ಟು. ಬಸ್ಸು ಗುಡ್ಡಗಳ ನಡುವೆ ತಿರುಗಿದ ಮೇಲೆ ದಾರಿ ಕೆಂಪಾಯಿತು, ದಾರಿಯ ಪಕ್ಕದ ಬೇವು ಕೆಂಪಾಯಿತು, ಕೊನೆಗೆ ನನ್ನ ಬಿಳಿ ಅಂಗಿಯ ತೋಳೂ. ಅದಿರು ತುಂಬಿದ ಲಾರಿಗಳು ತಾಡಪಾಲು ಹೊದ್ದು ಸಾಲಾಗಿ ಬರುತ್ತಿದ್ದವು. ನಾವು ನೋಡಬೇಕಾದ ಶಾಲೆ ಅದೇ ರಸ್ತೆಗೆ ಕಿಟಕಿ ಮಾಡಿಕೊಂಡು ನಿಂತಿತ್ತು.

ಶಿಕ್ಷಕ ಎರ್ರಿಸ್ವಾಮಿ ಭಾರಿ ಆಳು, ನಗುಮುಖ. ಕೈ ಹಿಡಿದು ಒಳಗೆ ಕರೆದೊಯ್ದರು. ಬೋರ್ಡಿನ ತುಂಬ ದುಂಡಗಿನ ಅಕ್ಷರ. ಮಕ್ಕಳು ತಲೆ ಬಗ್ಗಿಸಿ ಅದನ್ನು ನಕಲು ಮಾಡುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಆಡಿದ್ದರೂ ಕೇಳುತ್ತಿರಲಿಲ್ಲ. ಒಂದು ಲಾರಿ ಗೇರು ಬದಲಿಸಿ ಏರು ಹತ್ತುತ್ತಿತ್ತು, ಅದರ ಹಿಂದೆ ಇನ್ನೊಂದು.

"ಪಾಠ ಯಾವಾಗ ಮಾಡುತ್ತೀರಿ?" ಎಂದೆ.

"ಏನ್ರೀ?"

"ಪಾಠ!"

"ಓ, ಪಾಠ್ರೀ? ಬರೀತೀನಲ್ರಿ ಬೋರ್ಡಿಗಿ. ಲಾರಿ ಹೊಂಟಿರ್ತಾವು, ಬಾಯಿಲೆ ಹೇಳಿದ್ರ ಯಾರಿಗೆ ಕೇಳ್ತದ? ಬರಿ ಅಂದ್ರ ಬರ್ಕಂತಾವು, ಪಾಪ." ಅವರು ಪ್ರಶಾಂತರ ಕಡೆ ಕೈ ಮಾಡಿದರು. "ಇವರು ಮಾತ್ರ ಭಾಳ ಖುಷಿ ಅದಾರ್ರಿ ನಮ್ಮ ಮ್ಯಾಲ. ಮೊದಲನೇ ದಿನದಿಂದ ಹಸಿರು. ಪ್ರಶಸ್ತಿನೂ ಕೊಟ್ಟಾರ. ನಮ್ಮ ಮನಿಯಾಕಿ ಅದನ್ನ ಟಿವಿ ಮ್ಯಾಲ ಇಟ್ಟಾಳ."

ಪೆಟ್ಟಿಗೆ ಕಿಟಕಿಯ ಪಕ್ಕಕ್ಕೇ ಇತ್ತು. ನಾನು ಅದನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದೆ. ಎರ್ರಿಸ್ವಾಮಿ ನನ್ನ ಕಣ್ಣಿನ ಜಾಡು ಹಿಡಿದರು.

"ನನಗೂ ಅದ ಅನುಮಾನ ಬಂದಿತ್ರಿ ಸರ್" ಎಂದು ಅವರು ದೊಡ್ಡದಾಗಿ ನಕ್ಕರು. "ದಸರಾ ಮುಂದ ಲಾರಿಯವರು ಬಂದ್ ಮಾಡಿದ್ರು ನೋಡ್ರಿ. ಅವತ್ತು ಕೆಂಪು ಬಂತು. 'ಮಕ್ಕಳು ಉತ್ಸಾಹ ಕಳೆದುಕೊಂಡಿದ್ದಾರೆ, ಹಾಡು ಹೇಳಿಸಿ' ಅಂತ ಮೆಸೇಜು. ನಾನೇನು ಹಾಡು ಹೇಳಿಸಲಿಲ್ಲ. ಲಾರಿ ಬಿಟ್ರು, ಉತ್ಸಾಹ ತಾನ ಬಂತು."

ಸಂಡೂರಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಪ್ರಶಾಂತರನ್ನು ಕೇಳಿದೆ: "ನಿಮಗೆ ಗೊತ್ತಿತ್ತೇ?"

ಅವರು ಲೋಟ ಊದಿದರು. "ಲಾರಿ ಸದ್ದು ತೆಗೆಯೋಕೆ ಒಂದು ವ್ಯವಸ್ಥೆ ಇದೆ ಸರ್. ಹಾಕಿ ನೋಡಿದ್ವಿ. ಹಾಕಿದ್ರೆ ಸಂಡೂರು ಪೂರ್ತಿ ಕೆಂಪಾಗುತ್ತೆ. ಅಷ್ಟರಲ್ಲಿ ಸಂಡೂರಿನ ಗೆರೆಯನ್ನ ಮೇಲಿನವರಿಗೆ ತೋರಿಸಿ ಆಗಿತ್ತು."

"ಅದಕ್ಕೆ ಲಾರಿಯನ್ನು ಮಕ್ಕಳೆಂದು ಎಣಿಸಲು ಬಿಟ್ಟಿರಿ."

"ನಾನು ಬಿಡಲಿಲ್ಲ ಸರ್. ಬಿಟ್ಟವರಿಗೆ ಎದುರು ಹೇಳಲಿಲ್ಲ, ಅಷ್ಟೇ." ಪ್ರಾಮಾಣಿಕ ಮಾತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ.

ಶುಕ್ರವಾರ ಕಂಪ್ಲಿಗೆ ಒಬ್ಬನೇ ಹೋದೆ. ಪ್ರಶಾಂತರಿಗೆ ಸಭೆಯ ಸಿದ್ಧತೆ ಇತ್ತು. ಕಮಲಾಪುರ ದಾಟಿ ರಾಮಸಾಗರದ ಕಡೆ ಬಸ್ಸು ಹೊರಳಿದ ಮೇಲೆ ಬಂಡೆಗಳು ಹಿಂದೆ ಬಿದ್ದವು. ಕಾಲುವೆ, ಭತ್ತ, ಕಬ್ಬು, ಮತ್ತೆ ಕಾಲುವೆ. ಸಂಡೂರಿನ ಕೆಂಪು ಮೆತ್ತಿದ್ದ ಕಣ್ಣಿಗೆ ಹಸಿರು ಹಿತವಾಗಿತ್ತು. ನಿಲ್ದಾಣದಿಂದ ಶಾಲೆ ಹೊಳೆಯ ದಿಕ್ಕಿಗೆ, ನಡೆದೇ ಹೋಗಬಹುದು.

ಹುಲಿಗೆಮ್ಮನವರ ತರಗತಿಯ ಹೊರಗೆ ನಿಂತಾಗ, ಒಳಗೆ ಯಾರೂ ಇಲ್ಲವೆಂದೇ ತಿಳಿದೆ. ಇಣುಕಿದರೆ ಇಡೀ ತರಗತಿ ಕೂತಿತ್ತು. ಬೋರ್ಡಿನ ಮೇಲೆ ಎರಡು ಸಂಖ್ಯೆ: ಮೂರನೇ ಒಂದು, ನಾಲ್ಕನೇ ಒಂದು. ಯಾವುದು ದೊಡ್ಡದು? ಮಕ್ಕಳ ತೊಡೆಯ ಮೇಲೆ ಪಾಟಿ, ಎಂದರೆ ಬರೆಯುವ ಸ್ಲೇಟು. ಬರೆದವರು ಪಾಟಿಯನ್ನು ಬೋರಲಾಗಿ ನೆಲಕ್ಕಿಟ್ಟು ಕೈ ಕಟ್ಟುತ್ತಿದ್ದರು. ಹುಲಿಗೆಮ್ಮ ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದರು, ಮೂವತ್ತರ ಆಸುಪಾಸಿನ ಹೆಂಗಸು. ನನ್ನನ್ನು ನೋಡಿ ಕೈಮುಗಿದರೇ ಹೊರತು ಮಾತಾಡಲಿಲ್ಲ.

ಒಂದು ಪಾಟಿ ಬಿಟ್ಟು ಉಳಿದವೆಲ್ಲ ಬೋರಲು ಬಿದ್ದವು. ಉಳಿದವಳು ಭೂಮಿಕಾ, ಮುಂದಿನ ಸಾಲಿನ ಸಣ್ಣ ಹುಡುಗಿ. ಏನೋ ಬರೆದಳು, ಅಂಗೈಯಿಂದ ಒರೆಸಿದಳು, ಕಿಟಕಿಯಾಚೆ ನೋಡಿದಳು, ಎರಡು ದುಂಡು ಬಿಡಿಸಿದಳು, ಗೆರೆ ಎಳೆದಳು. ಯಾರೂ ಅವಳನ್ನು ಅವಸರಿಸಲಿಲ್ಲ. ಪಕ್ಕದವನು ಇಣುಕಲೂ ಇಲ್ಲ. ಅಂಥ ಮೌನವನ್ನು ನಾನು ತರಬೇತಿ ಕಾಲೇಜಿನಲ್ಲಿ ವರ್ಷ ವರ್ಷ ಬೋಧಿಸಿದ್ದೆ: ಪ್ರಶ್ನೆ ಕೇಳಿದ ಮೇಲೆ ಕಾಯಿರಿ, ಕೊನೆಯ ಮಗುವಿಗೂ ಯೋಚಿಸಲು ಹೊತ್ತು ಕೊಡಿ. ಕಣ್ಣಾರೆ ಕಂಡದ್ದು ಬೆರಳೆಣಿಕೆಯಷ್ಟು. ಭೂಮಿಕಾ ಪಾಟಿ ಬೋರಲು ಹಾಕಿದಳು.

"ಹೇಳವ್ವಾ" ಎಂದರು ಹುಲಿಗೆಮ್ಮ.

"ಮೊದಲು ನಾಕನೇದು ದೊಡ್ಡದು ಅಂತ ಬರದಿದ್ನಿರೀ ಟೀಚರ್. ಮೂರಕ್ಕಿಂತ ನಾಕು ದೊಡ್ಡದಲ್ರಿ. ಆಮ್ಯಾಲ ರೊಟ್ಟಿ ಬರದೆ. ಮೂರು ಮಂದಿ ಹಂಚ್ಕಂಡ್ರ ತುಣುಕು ದೊಡ್ಡದು. ಮಂದಿ ಜಾಸ್ತಿ ಆದ್ರ ತುಣುಕು ಸಣ್ಣದು ಆತು."

ಹಿಂದಿನಿಂದ ಒಬ್ಬ ಹುಡುಗ, "ನಮ್ಮನ್ಯಾಗ ಎಂಟು ಮಂದಿ ಅದೀವ್ರಿ ಟೀಚರ್. ಬರೇ ವಾಸನಿ ಬರ್ತದ" ಎಂದ. ತರಗತಿ ನಕ್ಕಿತು, ಹುಲಿಗೆಮ್ಮನೂ ನಕ್ಕರು. ಮತ್ತೆ ಬೋರ್ಡಿನ ಮೇಲೆ ಹೊಸ ಪ್ರಶ್ನೆ. ಮತ್ತೆ ಮೌನ. ಗೋಡೆಯ ಪೆಟ್ಟಿಗೆಯಲ್ಲಿ, ಮೈಕು ಚಾಲೂ ಇದೆಯೆಂಬ ಕೆಂಪು ದೀಪ ಉರಿಯುತ್ತಿತ್ತು.

ಬಿಸಿಯೂಟದ ಹೊತ್ತಿನಲ್ಲಿ ಅನ್ನ ಸಾಂಬಾರು ಉಂಡು ವರಾಂಡದಲ್ಲಿ ಕೂತೆವು. ಹುಲಿಗೆಮ್ಮ ಕಂಪ್ಲಿಯವರೇ. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ.

"ಈ ಕೆಲಸ ಹೋದ್ರ ಸಂಡೂರಿಗಿ ಹೋಗೋಣು, ಗಣಿಯಾಗ ಇಬ್ರಿಗೂ ಕೆಲಸ ಸಿಗ್ತದ ಅಂತಾರ್ರಿ ನಮ್ಮನಿಯವರು" ಎಂದರು. "ನಾನು ಬಿ.ಎಡ್. ಮಾಡಿದ್ದು ಮಣ್ಣು ಹೊರಾಕಲ್ಲ ಅಂದೆ. ಒಂದು ವಾರ ಮಾತು ಬಿಟ್ಟಿದ್ರು." ಆಮೇಲೆ, "ಅದಕ್ಕೂ ಕೆಂಪು ಬರ್ತದನು, ಮನ್ಯಾಗ ಮಾತು ಬಿಟ್ರ?" ಎಂದು ನಕ್ಕರು.

ನಿಮ್ಮ ತರಗತಿ ನಾನು ಈ ಮೂರು ದಿನದಲ್ಲಿ ನೋಡಿದ ಒಂದೇ ನಿಜವಾದ ತರಗತಿ, ಸೋಮವಾರ ಅದನ್ನೇ ಹೇಳುತ್ತೇನೆ ಎಂದೆ.

"ನಿಮ್ಮ ಮಾತು ಕೇಳ್ತಾರನ್ರಿ ಸರ್ ಅವರು?"

"ಕೇಳಲೇಬೇಕು. ಸಿದ್ಧಾಂತ ಅವರದಲ್ಲ, ಅದನ್ನು ಓದಿದವನು ನಾನು."

ಅವರ ಮನಸ್ಸು ಹಗುರವಾಗಲೆಂದು ನಾನು ಹಂಪಿಯ ಹುಡುಗಿಯ ಕಥೆ ಹೇಳಿದೆ, ಸಂಡೂರಿನ ಲಾರಿಗಳ ಕಥೆ ಹೇಳಿದೆ. ಹುಲಿಗೆಮ್ಮ ಸೆರಗು ಬಾಯಿಗಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಥಟ್ಟನೆ ನಗು ನಿಂತಿತು.

"ಲಾರಿ ಅಂತ ಗೊತ್ತಾಗಲಿಲ್ರಿ ಅದಕ್ಕ?"

"ಗೊತ್ತಾಗುವುದಿಲ್ಲ."

"ಹಂಗಾರ ಅದಕ್ಕ ಹುಡುಗ್ರ ಮಾತು ಬೇಕಾಗಿಲ್ಲ. ಸದ್ದು ಬೇಕು."

"ಸದ್ದು ಸಾಕು" ಎಂದೆ. ಬಸ್ಸಿನ ಹೊತ್ತಾಗಿತ್ತು, ಎದ್ದೆ.

ಶನಿವಾರ, ಭಾನುವಾರ ಹೊಸಪೇಟೆಯ ವಸತಿಗೃಹದಲ್ಲಿ ಕೂತು ಅಭಿಪ್ರಾಯ ಬರೆದೆ. ಒಂದೂ ಒರಟು ಶಬ್ದ ಬಳಸಲಿಲ್ಲ. ಮಗುವಿನ ಮೌನದಲ್ಲಿ ಎರಡು ಬಗೆ: ಏನೂ ನಡೆಯದ ಮೌನ, ಎಲ್ಲವೂ ನಡೆಯುತ್ತಿರುವ ಮೌನ. ಎರಡನ್ನೂ ಕೆಂಪೆನ್ನುವ ಯಂತ್ರ ಶಿಕ್ಷಕರಿಗೆ ವಿಧಾನ ಹೇಳಿಕೊಡಬಾರದು. ಹೀಗೆ ತೊಡಗಿ ಕಂಪ್ಲಿಯ ಪಾಟಿಗಳನ್ನು ವಿವರಿಸಿದೆ. ಬರೆದಾದ ಮೇಲೆ ಕಾಲುವೆಯ ದಂಡೆಯಲ್ಲಿ ನಡೆದುಬಂದೆ. ನಿದ್ದೆ ಚೆನ್ನಾಗಿ ಬಂತು.

ಸೋಮವಾರದ ಸಭೆ ದೊಡ್ಡ ಹೋಟೆಲಿನ ತಂಪು ಕೋಣೆಯಲ್ಲಿ. ಸಂಸ್ಥೆಯ ಮುಖ್ಯಸ್ಥೆ ಮೃದು ಮಾತಿನವರು. ನಾನು ಓದಿದ್ದನ್ನು ಪೂರ್ತಿ ಕೇಳಿದರು. ಸಂಡೂರಿನ ಲಾರಿಗಳ ಮಾತು ಬಂದಾಗ ಕೆಲವರು ತಲೆ ತಗ್ಗಿಸಿದರು, ಕೆಲವರು ಕೆಮ್ಮಿದರು.

"ನಿಮ್ಮ ಅನುಭವದ ಮೇಲೆ ಗೌರವ ಇದೆ ಸರ್" ಎಂದರು ಮುಖ್ಯಸ್ಥೆ. "ಆದರೆ ಒಬ್ಬರ ಕಿವಿಗೆ ಪ್ರೀತಿ ಇರುತ್ತೆ, ಬೇಸರ ಇರುತ್ತೆ. ಯಂತ್ರದ ಕಿವಿ ನಿಷ್ಪಕ್ಷಪಾತಿ."

"ಲಾರಿಗೂ ಮಗುವಿಗೂ ನಡುವೆ ನಿಷ್ಪಕ್ಷಪಾತಿ, ಒಪ್ಪುತ್ತೇನೆ" ಎಂದೆ.

ಅವರು ನೊಂದುಕೊಳ್ಳಲಿಲ್ಲ. "ಪ್ರಶಾಂತ್, ಕಂಪ್ಲಿಯ ಗೆರೆ ಹಾಕಿ. ಎಲ್ಲರೂ ನೋಡಲಿ."

ಗೋಡೆಯ ಮೇಲೆ ಕಂಪ್ಲಿ ಮೂಡಿತು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಕೆಂಪು. ಅಕ್ಟೋಬರು, ಕೆಂಪು. ನಾನು ಹೋಗಿದ್ದ ಶುಕ್ರವಾರ, ಕೆಂಪು. ಶನಿವಾರ ಬೆಳಗಿನ ತರಗತಿ, ಮೊದಲ ಗಂಟೆಯಿಂದ ಕೊನೆಯವರೆಗೆ ಹಸಿರು. ಅಂಥ ಹಸಿರು ಸಂಡೂರಿಗೂ ಇರಲಿಲ್ಲ.

ಯಾರೋ ಚಪ್ಪಾಳೆ ಶುರು ಮಾಡಿದರು. ಮುಖ್ಯಸ್ಥೆಯ ಮುಖ ಅರಳಿತು. "ನೋಡಿದಿರಾ? ಸೂಚನೆ ಮುಟ್ಟಬೇಕಾದ ಕಡೆ ಮುಟ್ಟಿದೆ. ಆ ಶಿಕ್ಷಕಿ ಮುಂದುವರಿಯಲಿ. ಶುಕ್ರವಾರ ನೀವು ಅಲ್ಲಿಗೆ ಹೋಗಿದ್ದಿರಲ್ಲ ಸರ್, ನಿಮ್ಮ ಮಾರ್ಗದರ್ಶನವೂ ಇದರಲ್ಲಿ ಸೇರಿರಬೇಕು." ಶಾಲು ಹೊದಿಸಿದರು. ನನ್ನ ಬರಹವನ್ನು ಪ್ರಶಾಂತ್ ತಮ್ಮ ಫೈಲಿನೊಳಗೆ ಇಟ್ಟುಕೊಂಡರು. ನನ್ನ ಕಣ್ಣು ತಪ್ಪಿಸಿದರು.

ಮಧ್ಯಾಹ್ನದ ಊಟ ಬಿಟ್ಟು ಕಂಪ್ಲಿ ಬಸ್ಸು ಹತ್ತಿದೆ. ಊಟ ತಪ್ಪಿಸುವುದು ನನ್ನ ಅಭ್ಯಾಸವಲ್ಲ. ದಾರಿಯುದ್ದಕ್ಕೂ ಭತ್ತ ಅದೇ ಭತ್ತ, ಕಬ್ಬು ಅದೇ ಕಬ್ಬು. ನೋಡಲಿಲ್ಲ.

ಶಾಲೆಯ ಗೇಟಿಗೆ ಬರುವ ಮೊದಲೇ ಸದ್ದು ಕೇಳಿತು. ಬಿಸಿಯೂಟದ ತಟ್ಟೆಗಳು ಮಕ್ಕಳ ತೊಡೆಯ ಮೇಲೆ ಬಂದಿದ್ದವು. ಪಾಟಿಗಳು ಮೂಲೆಯಲ್ಲಿ ಒಂದರ ಮೇಲೊಂದು. ಹುಲಿಗೆಮ್ಮ ಬೋರ್ಡಿಗೆ ಕೋಲು ತೋರಿಸಿದ ಕೂಡಲೇ ಮಕ್ಕಳು ತಟ್ಟೆ ಬಡಿದು ಉತ್ತರ ಕೂಗುತ್ತಿದ್ದರು. ಕೂಗಿ ಮುಗಿಯುವ ಮುನ್ನವೇ ಕೋಲು ಮುಂದಿನ ಸಂಖ್ಯೆಗೆ ಹೋಗುತ್ತಿತ್ತು. ಮಕ್ಕಳ ಮುಖದಲ್ಲಿ ಖುಷಿಯೇನೋ ಇತ್ತು.

ನನ್ನನ್ನು ಕಂಡು ಹುಲಿಗೆಮ್ಮ ಬಾಗಿಲಿಗೆ ಬಂದರು. ಬೆವರಿದ್ದರು. ದನಿ ಕಟ್ಟಿತ್ತು.

"ಮೆಸೇಜು ಬಂತ್ರಿ ಸರ್. ಕೆಲಸ ಉಳೀತು."

"ಗೊತ್ತಾಯಿತು."

"ನಮ್ಮನಿಯವರು ಸಾಲಿಗೇ ಪೇಡೆ ತಂದಿದ್ರು." ಅವರು ನನ್ನ ಮುಖ ನೋಡಿದರು. "ನೀವು ಲಾರಿ ಕಥಿ ಹೇಳಿದ್ದು ಭಾಳ ಚಲೋ ಆತ್ರಿ. ನೀವು ಹೇಳದಿದ್ರ ನಾನು ಹಂಗ ಸುಮ್ಮ ಕುಂದ್ರಿಸಿಕೊಂತ ಇರ್ತಿದ್ದೆ."

ಒಳಗೆ ಹೋಗಿ ಭೂಮಿಕಾಳ ಮುಂದೆ ನಿಂತೆ. ತಟ್ಟೆ ಸುಮ್ಮನಾಯಿತು.

"ಐದನೇ ಒಂದು, ಆರನೇ ಒಂದು. ಯಾವುದು ದೊಡ್ಡದು?"

ನನ್ನ ಮಾತು ಮುಗಿಯುವುದಕ್ಕೂ ಕಾಯದೆ ಅವಳು ಕೂಗಿದಳು: "ಆರನೇ ಒಂದು ದೊಡ್ಡದು!" ಇಡೀ ತರಗತಿ ಹಿಂದೆಯೇ ಎತ್ತಿಕೊಂಡಿತು, "ಆರನೇ ಒಂದು ದೊಡ್ಡದು!" ತಟ್ಟೆಗಳ ಬಡಿತ ಮತ್ತೆ ಶುರುವಾಯಿತು.

ಹುಲಿಗೆಮ್ಮ ಕೇಳಿಸಿಕೊಂಡಿದ್ದರು. ತಪ್ಪೆಂದು ಅವರಿಗೆ ತಿಳಿಯದ್ದಲ್ಲ. ತಿದ್ದಬೇಕಾದರೆ ಸದ್ದು ನಿಲ್ಲಿಸಬೇಕು, ಪಾಟಿ ಕೊಡಬೇಕು, ರೊಟ್ಟಿ ಬಿಡಿಸುವವರೆಗೆ ಕಾಯಬೇಕು. ಅವರು ನನ್ನನ್ನು ನೋಡಿದರು. ಆಮೇಲೆ ಗೋಡೆಯ ಪೆಟ್ಟಿಗೆಯನ್ನು ನೋಡಿದರು. ಬೋರ್ಡಿನ ಕಡೆ ತಿರುಗಿ, ಆ ಕಟ್ಟಿದ ದನಿಯಲ್ಲೇ ಹೇಳಿದರು:

"ಇನ್ನೊಮ್ಮೆ. ಜೋರಾಗಿ."

ಚೀಲ ಎತ್ತಿಕೊಂಡು ಹೊರಬಂದೆ. ರಸ್ತೆ ಸೇರಿ, ಹೊಳೆಯ ಗಾಳಿಗೆ ಬೆನ್ನು ಕೊಟ್ಟು ನಿಲ್ದಾಣದ ತಿರುವಿನವರೆಗೆ ನಡೆದರೂ ಆ ತಪ್ಪು ಉತ್ತರ ತಪ್ಪದೆ ನನ್ನ ಹಿಂದೆ ಬರುತ್ತಿತ್ತು.